ಚಿನ್ನ ಕಂಡವನೇ ಚಂದ್ರನ ಲೆಕ್ಕವನ್ನೂ ಬರೆದ!

ಕೋಲಾರದ ನೆಲದಲ್ಲಿ ಚಿನ್ನವಿದೆ ಎಂದು ಕಂಪನಿ ಸರ್ಕಾರಕ್ಕೆ ವರದಿ ಬರೆದವನ ಹೆಸರು ಕೆಜಿಎಫ್‌ನಲ್ಲಿ ಓದು ಬಲ್ಲವರಿಗೆಲ್ಲ ಗೊತ್ತು: ಲೆಫ್ಟಿನೆಂಟ್ ಜಾನ್ ವಾರನ್. ಇಸವಿ 1802. ಚಿನ್ನದ ಕಥೆ ಹೇಳುವವರೆಲ್ಲ ಅವನನ್ನು ಮೊದಲ ಪುಟದಲ್ಲಿ ಕರೆತಂದು ಎರಡನೇ ಪುಟದಲ್ಲಿ ಬಿಟ್ಟುಬಿಡುತ್ತಾರೆ. ಆಮೇಲೆ ಅವನೇನಾದ? ಬೆನ್ನು ಹತ್ತಿ ನೋಡಿದರೆ ಎದೆ ಝಲ್ಲೆನ್ನುತ್ತದೆ. ಮಾರಿಕುಪ್ಪದ ಮಣ್ಣು ತೊಳೆಸಿ ಚಿನ್ನದ ಕಣ ಕಂಡ ಅದೇ ಮನುಷ್ಯ, 23 ವರ್ಷಗಳ ಮೇಲೆ, ದಕ್ಷಿಣ ಭಾರತದ ಜನ ತಿಂಗಳು, ತಿಥಿ, ಹುಣ್ಣಿಮೆ, ಗ್ರಹಣಗಳನ್ನು ಹೇಗೆ ಎಣಿಸುತ್ತಾರೆ ಎಂಬುದರ ಮೇಲೆ ಒಂದು ಹೆಬ್ಬೊತ್ತಿಗೆಯನ್ನೇ ಬರೆದ! ಅದರ ಹೆಸರು ‘ಕಾಲ ಸಂಕಲಿತ’. ಮದರಾಸಿನಲ್ಲಿ 1825ರಲ್ಲಿ ಅಚ್ಚಾಯಿತು.

ನೆಲದೊಳಗಿನ ಹಳದಿ ಲೋಹ, ಮುಗಿಲ ಮೇಲಿನ ಬೆಳ್ಳಿ ಬಿಂಬ. ಎರಡರ ಬೆನ್ನಿಗೂ ಬಿದ್ದವನು ಒಬ್ಬನೇ.

ಫ್ರೆಂಚ್ ಮನೆತನದವನಾದರೂ ಇಂಗ್ಲಿಷರ 33ನೇ ರೆಜಿಮೆಂಟಿನಲ್ಲಿದ್ದವನು ವಾರನ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸಂಸ್ಥಾನದ ಮೂಡಣ ಗಡಿ ಗುರುತಿಸುವ ಕೆಲಸ ಅವನ ಪಾಲಿಗೆ ಬಂತು. ಈ ಕಡೆ ನೆಲದಲ್ಲಿ ಚಿನ್ನ ಸಿಗುತ್ತದಂತೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ತೋರಿಸಿದವರಿಗೆ ಇನಾಮು ಕೊಡುತ್ತೇನೆಂದು ಸಾರಿದ. ಹಳ್ಳಿಗರು ಗಾಡಿಗಟ್ಟಲೆ ಮಣ್ಣು ತಂದು ಅವನ ಕಣ್ಣೆದುರೇ ನೀರಿನಲ್ಲಿ ತೊಳೆದರು. ತಳದಲ್ಲಿ ಮಿನುಗಿತು! ಮಾರಿಕುಪ್ಪದ ಬಳಿ ಜನ ಕೈಯಿಂದಲೇ ತೋಡಿದ ಗುಂಡಿಗಳಿಗಿಳಿದು ಕಲ್ಲು ಮೇಲೆತ್ತುವುದನ್ನೂ ನೋಡಿದ. ಮುಂದೆ ಮೈಸೂರು ಮೈನ್ಸ್ ಎಂದು ಹೆಸರಾದ ಗಣಿ ಎದ್ದದ್ದು ಈ ಮಾರಿಕುಪ್ಪದ ಮಗ್ಗುಲಲ್ಲೇ.

ಅಲ್ಲಿಂದ ಅವನ ದಾರಿ ಮೇಲಕ್ಕೆ ತಿರುಗಿತು. ಸರ್ವೇಯರ್ ಲ್ಯಾಂಬ್ಟನ್‌ನ ಭೂಮಾಪನದಲ್ಲಿ ಪಳಗಿದ್ದ ಕೈ. 1805ರಲ್ಲಿ ಮದರಾಸು ವೀಕ್ಷಣಾಲಯದ ಹಂಗಾಮಿ ಖಗೋಳಜ್ಞನಾದ. ನೆಪೋಲಿಯನ್ ಬಿದ್ದ ಮೇಲೆ ಫ್ರಾನ್ಸಿಗೆ ಹೋಗಿ, ಅಲ್ಲಿ ನಿಲ್ಲಲಾರದೆ ಮತ್ತೆ ಬಂದು, ಪಾಂಡಿಚೇರಿಯಲ್ಲಿ ಬೀಡುಬಿಟ್ಟು, ಪಂಚಾಂಗದವರನ್ನು ಹುಡುಕಿಕೊಂಡು ಹೋಗತೊಡಗಿದ. 1830ರಲ್ಲಿ ತೀರಿಕೊಂಡದ್ದೂ ಅಲ್ಲೇ.

ಅವನಿಗೆ ಪಾಂಡಿಚೇರಿಯಲ್ಲಿ ಸಿಕ್ಕ ಒಬ್ಬ ತಮಿಳು ಪಂಚಾಂಗದವರ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಾಗದವಿಲ್ಲ, ಲೇಖನಿಯಿಲ್ಲ. ನೆಲದ ಮೇಲೆ ಕವಡೆ ಹರಡಿಕೊಂಡು ಕೂತಿದ್ದಾರೆ. ಬಾಯಲ್ಲಿ ಏನೋ ಪದ ಗುನುಗುತ್ತಾರೆ, ನಾಲ್ಕು ಕವಡೆ ಈ ಸಾಲಿನಿಂದ ತೆಗೆದು ಆ ಸಾಲಿಗಿಡುತ್ತಾರೆ. ಗುನುಗುತ್ತಿರುವುದು ಮಂತ್ರವಲ್ಲ, ಅಂಕಿಗಳು! ಒಂದೊಂದು ಅಕ್ಷರಕ್ಕೂ ಒಂದೊಂದು ಅಂಕಿ ಕಟ್ಟಿ, ಚಂದ್ರನ ಓಟದ ಇಡೀ ಕೋಷ್ಟಕವನ್ನು ಬಾಯಿಪಾಠ ಮಾಡಿಟ್ಟಿದ್ದಾರೆ. ಕವಡೆ ಆಡಿಸಿ ಆಡಿಸಿ ಅವರು ಹೇಳಿದ್ದು 1825ರ ಮೇ 31ರ ರಾತ್ರಿಯ ಚಂದ್ರಗ್ರಹಣದ ಹೊತ್ತನ್ನು. ಇಂದಿನ ಲೆಕ್ಕಕ್ಕೆ ಹೋಲಿಸಿದರೆ ಗ್ರಹಣದ ಸ್ಪರ್ಶದಲ್ಲಿ ಅವರು ತಪ್ಪಿದ್ದು ಬರೀ 4 ನಿಮಿಷ! ಮಧ್ಯದಲ್ಲಿ 23 ನಿಮಿಷ, ಮೋಕ್ಷದಲ್ಲಿ 52 ನಿಮಿಷ. ಆ ರಾತ್ರಿ ನಮ್ಮ ಎಣಿಕೆಯಲ್ಲಿ ಜ್ಯೇಷ್ಠದ ಹುಣ್ಣಿಮೆ, ಅಂದರೆ ಕಾರಹುಣ್ಣಿಮೆ.

ಕವಡೆಯ ಸಾಲಿಗೆ ಚಂದ್ರ ಸಿಕ್ಕಿದ್ದಾದರೂ ಹೇಗೆ? ಗುಟ್ಟು 248 ಎಂಬ ಸಂಖ್ಯೆಯಲ್ಲಿದೆ. ಚಂದ್ರ ಭೂಮಿಯ ಹತ್ತಿರ ಬಂದಾಗ ಬಿರುಸಾಗಿ ನಡೆಯುತ್ತಾನೆ, ದೂರ ಸರಿದಾಗ ನಿಧಾನಿಸುತ್ತಾನೆ. ಹೀಗೆ ಒಂಬತ್ತು ಸಲ ಬಿರುಸು, ಒಂಬತ್ತು ಸಲ ನಿಧಾನ ಮುಗಿಯುವುದಕ್ಕೆ ಹೆಚ್ಚುಕಮ್ಮಿ ಸರಿಯಾಗಿ 248 ದಿನ. ಆಮೇಲೆ ಅದೇ ನಡಿಗೆ ಮೊದಲಿಂದ. ಹಾಗಾಗಿ 248 ದಿನಕ್ಕೆ 248 ವಾಕ್ಯ ಕಲಿತರೆ ಚಂದ್ರ ಅಂಗೈಯಲ್ಲಿ! ವರರುಚಿಯ ಹೆಸರಿನಲ್ಲಿ ತೆಂಕಣದಲ್ಲಿ ಹರಿದುಬಂದ ಈ ಚಂದ್ರವಾಕ್ಯಗಳು ಹುಣ್ಣಿಮೆ ಅಮಾವಾಸ್ಯೆಗಳನ್ನು ಶತಮಾನಗಳ ಕಾಲ ಬಾಯಿಂದ ಬಾಯಿಗೆ ದಾಟಿಸಿದವು.

‘ಕಾಲ ಸಂಕಲಿತ’ದ ಕೋಷ್ಟಕಗಳು ಮೂರು ಬಗೆಯ ವರ್ಷಗಳನ್ನು ಎದುರುಬದುರು ಇಡುತ್ತವೆ: ಸೂರ್ಯನನ್ನು ಹಿಡಿದು ನಡೆಯುವ ತಮಿಳರ ವರ್ಷ, ಸೂರ್ಯ ಚಂದ್ರರಿಬ್ಬರನ್ನೂ ಹಿಡಿದ ತೆಲುಗರ ಚಾಂದ್ರಮಾನ, ಚಂದ್ರನೊಬ್ಬನನ್ನೇ ನೆಚ್ಚಿದ ಮುಸಲ್ಮಾನರ ಹಿಜರಿ. ನಾವು ಕನ್ನಡಿಗರು ಹಿಡಿದಿರುವುದೂ ತೆಲುಗರ ಲೆಕ್ಕವನ್ನೇ: ಯುಗಾದಿಗೆ ವರ್ಷ ಶುರು, ಅಮಾವಾಸ್ಯೆಗೆ ತಿಂಗಳು ಮುಗಿತಾಯ. ವಾರನ್ ಪುಸ್ತಕದಲ್ಲಿ ಪಕ್ಕಪಕ್ಕ ಇಟ್ಟ ಈ ವರ್ಷಗಳು ಮುಂದೆ ಬೀದಿಯ ಮೇಲೆ ಪಕ್ಕಪಕ್ಕ ಬಂದು ನಿಂತದ್ದು ಎಲ್ಲಿ ಗೊತ್ತೇ? ಅವನು ಚಿನ್ನ ಕಂಡ ಅದೇ ಮಾರಿಕುಪ್ಪದಲ್ಲಿ!

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಗಣಿಗಾರಿಕೆಗೆ ಕೈಹಾಕಿತು. ನೋಡುನೋಡುತ್ತಿದ್ದಂತೆ ಮೈಸೂರು, ಚಾಂಪಿಯನ್ ರೀಫ್, ಊರ್ಗಾಂ, ನಂದಿದುರ್ಗ ಗಣಿಗಳ ಸುತ್ತ ಊರು ಬೆಳೆಯಿತು. ಉತ್ತರ ಆರ್ಕಾಟಿನಿಂದ, ಸೇಲಂ ಕಡೆಯಿಂದ ತಮಿಳರು, ಚಿತ್ತೂರಿನ ಕಡೆಯಿಂದ ತೆಲುಗರು, ಸುತ್ತಲ ಹಳ್ಳಿಗಳ ಕನ್ನಡಿಗರು, ಮುಸಲ್ಮಾನರು, ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ತವರದ ಗಣಿಗಳಲ್ಲಿ ಪಳಗಿದ ಬಿಳಿಯರು, ಆಂಗ್ಲೋ ಇಂಡಿಯನ್ನರು. ಎಲ್ಲರೂ ಒಂದೇ ಸೈರನ್ನಿಗೆ ಎದ್ದು ಶಿಫ್ಟಿಗೆ ಹೋದರು. ಗೋಡೆಯ ಮೇಲಿನ ಕ್ಯಾಲೆಂಡರ್ ಮಾತ್ರ ಅವರವರದು. ವಾರನ್‌ನ ಮೂರು ವರ್ಷಗಳ ಪಕ್ಕಕ್ಕೆ ಕ್ರೈಸ್ತರ ಈಸ್ಟರ್ ಲೆಕ್ಕವೂ ಬಂದು ನಾಲ್ಕಾಯಿತು. ಮಾರ್ಚ್ 21ರಂದು ಇಲ್ಲವೇ ಅದರ ನಂತರ ಬೀಳುವ ಮೊದಲ ಹುಣ್ಣಿಮೆ ಕಳೆದು ಬರುವ ಭಾನುವಾರವೇ ಈಸ್ಟರ್. ಚರ್ಚಿನ ಗಂಟೆಗೂ ಹುಣ್ಣಿಮೆಯದೇ ಅಪ್ಪಣೆ!

ಒಂದೇ ಒಂದು ರಾತ್ರಿ ತೆಗೆದುಕೊಳ್ಳಿ: 2024ರ ಮಾರ್ಚ್ 25. ಕನ್ನಡ ಪಂಚಾಂಗದಲ್ಲಿ ಫಾಲ್ಗುಣ ಶುದ್ಧ ಹುಣ್ಣಿಮೆ, ಹೋಳಿ ಹುಣ್ಣಿಮೆ, ಕಾಮನ ಹುಣ್ಣಿಮೆ. ತಮಿಳು ಮನೆಗಳಲ್ಲಿ ಅದೇ ದಿನ ಮುರುಗನ ಗುಡಿಗೆ ಹೋಗುವ ಪಂಗುನಿ ಉತ್ತಿರಂ. ಮುಸಲ್ಮಾನರಿಗೆ ರಂಜಾನಿನ 14ನೇ ಉಪವಾಸ. ಕ್ರೈಸ್ತರು ಅದೇ ಹುಣ್ಣಿಮೆಯಿಂದ ಎಣಿಸಿ 29ಕ್ಕೆ ಗುಡ್ ಫ್ರೈಡೇ, 31ಕ್ಕೆ ಈಸ್ಟರ್ ಮಾಡಿದರು. ನಾಲ್ಕು ದೇವರು, ನಾಲ್ಕು ಲೆಕ್ಕ, ಚಂದ್ರ ಒಬ್ಬನೇ!

ಈಗ ಹೆಸರುಗಳ ಮಾತಿಗೆ ಬರೋಣ. ಚೈತ್ರ, ವೈಶಾಖ, ಜ್ಯೇಷ್ಠ ಎಂದು ಹನ್ನೆರಡನ್ನೂ ಮಕ್ಕಳಿದ್ದಾಗಲೇ ಉರು ಹೊಡೆದವರು ನಾವು. ಆ ಪಟ್ಟಿ ಅಸಲಿಗೆ ಆಕಾಶದ ವಿಳಾಸಪಟ್ಟಿ. ಹುಣ್ಣಿಮೆಯ ಚಂದ್ರ ಚಿತ್ತಾ ನಕ್ಷತ್ರದ ಹತ್ತಿರ ಸಿಕ್ಕರೆ ಚೈತ್ರ, ವಿಶಾಖೆಯ ಹತ್ತಿರ ಸಿಕ್ಕರೆ ವೈಶಾಖ, ಕೃತ್ತಿಕೆಯ ಹತ್ತಿರವಾದರೆ ಕಾರ್ತಿಕ, ಮೃಗಶಿರೆಯಾದರೆ ಮಾರ್ಗಶಿರ, ಮಖೆಯಾದರೆ ಮಾಘ. ನಕ್ಷತ್ರಗಳು 27, ಹುಣ್ಣಿಮೆಗಳು 12. ಅಶ್ವಿನಿಯನ್ನು ಒಂದು ಎಂದು ಹಿಡಿದು ಈ ಹನ್ನೆರಡು ಮನೆಗಳ ನಂಬರು ಬರೆದುಕೊಂಡು ನೋಡಿ: 14, 16, 18, 20, 22, 25, 1, 3, 5, 8, 10, 12. ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ಎರಡು ಹೆಜ್ಜೆ, ಎರಡು ಹೆಜ್ಜೆ, ನಡುನಡುವೆ ಮೂರು ಹೆಜ್ಜೆ. ಎರಡರ ಹೆಜ್ಜೆ ಒಂಬತ್ತು ಸಲ, ಮೂರರ ಹೆಜ್ಜೆ ಮೂರು ಸಲ. ಹದಿನೆಂಟು, ಒಂಬತ್ತು, ಒಟ್ಟು ಇಪ್ಪತ್ತೇಳು. ಆಕಾಶದ ಸುತ್ತು ಸರಿಯಾಗಿ ಮುಗಿಯಿತು! ಬೆಳ್ಳಂಬೆಳಗ್ಗೆ ಬಚ್ಚಲೊಲೆಗೆ ಬೆಂಕಿ ಹಾಕುತ್ತಾ ಅಜ್ಜಿಯಂದಿರು ಹೇಳಿಕೊಡುತ್ತಿದ್ದ ತಿಂಗಳ ಹೆಸರುಗಳಲ್ಲಿ ಇಂಥ ಗಣಿತ ಹುದುಗಿತ್ತು.

ಈ ಪಟ್ಟಿಯ ಮೇಲೆ ನಮ್ಮ ರೈತರು ತಮ್ಮದೇ ಇನ್ನೊಂದು ಪಟ್ಟಿ ಹೆಣೆದಿದ್ದಾರೆ. ಚೈತ್ರದ್ದು ದವನದ ಹುಣ್ಣಿಮೆ, ವೈಶಾಖದ್ದು ಆಗಿ ಹುಣ್ಣಿಮೆ. ಜ್ಯೇಷ್ಠದ ಕಾರಹುಣ್ಣಿಮೆಗೆ ಬಡಗಣ ಸೀಮೆಯಲ್ಲಿ ಎತ್ತುಗಳ ಕೊಂಬಿಗೆ ಬಣ್ಣ ಬಳಿದು, ಓಡಿಸಿ, ಕರಿ ಹರಿಯುತ್ತಾರೆ. ಆಷಾಢದ್ದು ಕಡ್ಲಿಗಡಬಿನ ಹುಣ್ಣಿಮೆ, ಶ್ರಾವಣದ್ದು ನೂಲು ಹುಣ್ಣಿಮೆ, ಭಾದ್ರಪದದ್ದು ಅನಂತನ ಹುಣ್ಣಿಮೆ. ಆಶ್ವಯುಜದ ಶೀಗಿ ಹುಣ್ಣಿಮೆಗೆ ಬೆಳೆ ಹೊತ್ತ ಭೂಮಿತಾಯಿಗೆ ಹೊಲದಲ್ಲೇ ಪೂಜೆ, ಚರಗ. ಕಾರ್ತಿಕದ್ದು ಗೌರಿ ಹುಣ್ಣಿಮೆ, ಮಾರ್ಗಶಿರದ್ದು ಹೊಸ್ತಿಲ ಹುಣ್ಣಿಮೆ. ಪುಷ್ಯದ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಯ ತೇರು. ಮಾಘದ ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಫಾಲ್ಗುಣದ್ದು ಹೋಳಿ. ಪಂಚಾಂಗದ ಹೆಸರು ಚಂದ್ರ ಎಲ್ಲಿದ್ದಾನೆಂದು ಹೇಳಿದರೆ, ಹಳ್ಳಿಯ ಹೆಸರು ಆ ಹೊತ್ತಿಗೆ ನಾವೇನು ಮಾಡುತ್ತಿರುತ್ತೇವೆಂದು ಹೇಳುತ್ತದೆ. ಚೈತ್ರದ ಹುಣ್ಣಿಮೆ ಎಂದರೆ ಬೆಂಗಳೂರಿಗೆ ಧರ್ಮರಾಯನ ಗುಡಿಯ ಹೂವಿನ ಕರಗ. ಕರಗದ ಆಚರಣೆ ಕೋಲಾರ ಸೀಮೆಯ ಊರುಗಳಿಗೂ ಹೊಸದೇನಲ್ಲ.

ತಮಿಳರ ಹೆಸರುಗಳನ್ನು ಇದರ ಪಕ್ಕದಲ್ಲಿಡಿ. ಚಿತ್ರಾ ಪೌರ್ಣಮಿ, ವೈಕಾಸಿ ವಿಶಾಗಂ, ಕಾರ್ತಿಗೈ ದೀಪಂ, ತೈಪೂಸಂ, ಮಾಸಿ ಮಗಂ, ಪಂಗುನಿ ಉತ್ತಿರಂ. ಚಿತ್ತಾ, ವಿಶಾಖಾ, ಕೃತ್ತಿಕಾ, ಪುಷ್ಯ, ಮಖಾ, ಉತ್ತರಾ. ಅವೇ ನಕ್ಷತ್ರಗಳು, ಅವೇ ಮನೆಗಳು! ಹಾಗಾದರೆ ಮೈಸೂರು ಮೈನ್ಸಿನ ಕಾರ್ಮಿಕರ ಲೈನ್ ಮನೆಗಳಲ್ಲಿ ಅಕ್ಕಪಕ್ಕದ ಎರಡು ಬಾಗಿಲುಗಳ ಮುಂದೆ ಕಾರ್ತಿಕದ ದೀಪ ಪ್ರತಿ ವರ್ಷ ಒಂದೇ ರಾತ್ರಿ ಹಚ್ಚಿರಬೇಕಲ್ಲ?

ಇಲ್ಲ! ಇಲ್ಲಿದೆ ಮಜಾ. 2023ರಲ್ಲಿ ತಿರುವಣ್ಣಾಮಲೈ ಬೆಟ್ಟದ ಮೇಲೆ ಮಹಾದೀಪ ಹೊತ್ತಿದ್ದು ನವೆಂಬರ್ 26ರ ಸಂಜೆ, ನಮ್ಮ ಕಾರ್ತಿಕ ಹುಣ್ಣಿಮೆ ಮರುದಿನ 27ಕ್ಕೆ. ಒಂದೇ ಚಂದ್ರ, ಸರಿ. ಆದರೆ 2025ರಲ್ಲಿ ನಮ್ಮ ಕಾರ್ತಿಕ ಹುಣ್ಣಿಮೆ ನವೆಂಬರ್ 5ಕ್ಕೆ ಮುಗಿದೇ ಹೋಯಿತು, ತಿರುವಣ್ಣಾಮಲೈ ದೀಪ ಹೊತ್ತಿದ್ದು ಡಿಸೆಂಬರ್ 3ಕ್ಕೆ. ಒಂದು ಮನೆಯಲ್ಲಿ ದೀಪ ಆರಿ ಸುಮಾರು ನಾಲ್ಕು ವಾರವಾದ ಮೇಲೆ ಪಕ್ಕದ ಮನೆಯಲ್ಲಿ ದೀಪ!

ಚಂದ್ರ ಹುಣ್ಣಿಮೆಯಿಂದ ಹುಣ್ಣಿಮೆಗೆ ಬರಲು ಸರಾಸರಿ 29.53 ದಿನ. ಹನ್ನೆರಡು ಸಲ ಬಂದರೆ 354 ದಿನ. ಸೂರ್ಯನ ವರ್ಷಕ್ಕಿಂತ 11 ದಿನ ಕಮ್ಮಿ. ತಮಿಳರ ಕಾರ್ತಿಗೈ ಸೂರ್ಯನ ತಿಂಗಳು. ಅದು ನವೆಂಬರ್ ನಡುವಿನಿಂದ ಡಿಸೆಂಬರ್ ನಡುವಿನವರೆಗೆ ಗಟ್ಟಿಯಾಗಿ ಕೂತಿರುತ್ತದೆ. ನಮ್ಮ ಕಾರ್ತಿಕ ಹುಣ್ಣಿಮೆ ವರ್ಷಕ್ಕೆ 11 ದಿನದಂತೆ ಹಿಂದಕ್ಕೆ ಜಾರುತ್ತಾ ಜಾರುತ್ತಾ ಆ ಚೌಕಟ್ಟಿನಿಂದ ಹೊರಗೆ ಬೀಳುತ್ತದೆ. ಆಗ ತಮಿಳರು ನಕ್ಷತ್ರವನ್ನು ಬಿಡದೆ ಮುಂದಿನ ಚಂದ್ರನಿಗಾಗಿ ಕಾಯುತ್ತಾರೆ. ನಾವು ಜಾರುತ್ತಲೇ ಇದ್ದು, ಸುಮಾರು 32–33 ತಿಂಗಳಿಗೊಮ್ಮೆ ಅಧಿಕಮಾಸ ತುರುಕಿ ಒಂದೇ ನೆಗೆತಕ್ಕೆ ಮತ್ತೆ ಅವರ ಸಾಲಿಗೆ ಬಂದು ನಿಲ್ಲುತ್ತೇವೆ. 2023ರಲ್ಲಿ ಅಧಿಕ ಶ್ರಾವಣ ಬಂತು, ಅದಕ್ಕೇ ಆ ನವೆಂಬರಿನಲ್ಲಿ ಎರಡೂ ದೀಪ ಕೂಡಿಕೊಂಡವು. ಅಧಿಕಮಾಸ ಎಂದರೆ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಅಳಿಯನಿಗೆ ಬಾಗಿನ ಎಂದಷ್ಟೇ ನೆನಪಿಟ್ಟುಕೊಂಡಿದ್ದೆವಲ್ಲ, ಅದು ಚಂದ್ರನಿಗೂ ಸೂರ್ಯನಿಗೂ ಆಗುವ ರಾಜಿ!

ಹಿಜರಿಗೆ ಈ ರಾಜಿ ಬೇಡ. ಅದು ಚಂದ್ರನ ಕೈ ಹಿಡಿದು 11 ದಿನ ಹಿಂದೆ ಹಿಂದೆ ನಡೆಯುತ್ತಲೇ ಇರುತ್ತದೆ. ಆದ್ದರಿಂದ ರಂಜಾನ್ ಬೇಸಿಗೆಗೂ ಬರುತ್ತದೆ, ಮಳೆಗೂ ಬರುತ್ತದೆ, ಚಳಿಗೂ ಬರುತ್ತದೆ. ಇಲ್ಲೊಂದು ಸ್ಥಳೀಯ ಸೋಜಿಗ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಹೈದರಾಲಿ ಹುಟ್ಟಿದ ಊರು. ಅವನ ಮಗ ಟಿಪ್ಪು ತನ್ನ ರಾಜ್ಯಕ್ಕೆ ಹೊಸ ಕ್ಯಾಲೆಂಡರನ್ನೇ ಮಾಡಿಸಿದ. ಮೌಲೂದಿ ಎಂದು ಅದರ ಹೆಸರು. ತಿಂಗಳುಗಳ ಹೆಸರು ಅಹ್ಮದಿ ಮುಂತಾಗಿ ಹೊಸವು, ಒಳಗಿನ ಲೆಕ್ಕ ಮಾತ್ರ ಅಧಿಕಮಾಸ ಸಮೇತ ನಮ್ಮ ಚಾಂದ್ರಮಾನದ್ದು. ಕಂದಾಯ ಬರುವುದು ಸುಗ್ಗಿಗೆ, ಸುಗ್ಗಿ ಬರುವುದು ಸೂರ್ಯನಿಗೆ. ದೊರೆಯಾದವನಿಗೂ ಎರಡನ್ನೂ ಹೊಂದಿಸದೆ ಗತಿಯಿರಲಿಲ್ಲ.

ಕಾರ್ನ್‌ವಾಲ್‌ನಿಂದ ಬಂದ ಗಣಿಗಾರರಿಗೆ ಇಲ್ಲಿಯ ಚಂದ್ರ ಎಷ್ಟು ವಿಚಿತ್ರವಾಗಿ ಕಂಡಿರಬೇಕು! ಅವರ ಊರು 50ನೇ ಅಕ್ಷಾಂಶದಲ್ಲಿ. ಅಲ್ಲಿ ಬಿದಿಗೆಯ ಚಂದ್ರ ಬಹುಮಟ್ಟಿಗೆ ಬಿಲ್ಲಿನ ಹಾಗೆ ಎದ್ದು ನಿಂತಿರುತ್ತಾನೆ. ಕೆಜಿಎಫ್ ಇರುವುದು 13ನೇ ಅಕ್ಷಾಂಶದಲ್ಲಿ. ಇಲ್ಲಿ ಮಾಘ ಫಾಲ್ಗುಣದ ಸಂಜೆ ಪಡುವಣಕ್ಕೆ ತಿರುಗಿದರೆ ಅದೇ ಚಂದ್ರ ಕೊಂಬು ಮೇಲೆತ್ತಿ, ದೋಣಿಯ ಹಾಗೆ ಅಂಗಾತ ಮಲಗಿರುತ್ತಾನೆ. ಮನೆಯ ಗೋಡೆಯ ಮೇಲಿನ ಪಟದಲ್ಲಿ ಶಿವನ ಜಡೆಗೆ ಸಿಕ್ಕಿಸಿದ ಓರೆಚಂದ್ರ ಕಲಾವಿದನ ಕಲ್ಪನೆಯಷ್ಟೇ ಅಲ್ಲ, ಈ ನೆಲದಿಂದ ಕಾಣುವ ನೋಟವೂ ಹೌದು. ಪುಷ್ಯದ ಹುಣ್ಣಿಮೆಗಂತೂ ನಡುರಾತ್ರಿಯಲ್ಲಿ ಚಂದ್ರ ಹೆಚ್ಚುಕಮ್ಮಿ ನೆತ್ತಿಯ ಮೇಲೇ ಇರುತ್ತಾನೆ. ಗಣಿಯ ಕಲ್ಲು ಅರೆದು ಸುರಿದ ಸೈನೈಡ್ ದಿಬ್ಬಗಳು ಆಗ ಬೂದುಬಣ್ಣಕ್ಕೆ ತಿರುಗುತ್ತವೆ. ಚಂದ್ರನ ಮೇಲಿರುವುದೂ ಪುಡಿಯಾದ ಕಲ್ಲೇ. ಇಲ್ಲಿ ಗಿರಣಿ ಅರೆದದ್ದು, ಅಲ್ಲಿ ಉಲ್ಕೆಗಳು ಬಡಿಬಡಿದು ಕುಟ್ಟಿದ್ದು.

ಹಾಗಿದ್ದರೆ ಶಾಫ್ಟಿನೊಳಗೆ ಇಳಿದವರಿಗೆ? ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳ. ಅಲ್ಲಿ ಹುಣ್ಣಿಮೆಯೂ ಇಲ್ಲ, ಅಮಾವಾಸ್ಯೆಯೂ ಇಲ್ಲ, ತಲೆಯ ಮೇಲಿನ ದೀಪವೊಂದೇ ಎಂದುಕೊಳ್ಳುತ್ತೇವೆ. ಆದರೆ ಚಂದ್ರ ಅಲ್ಲಿಗೂ ಇಳಿಯುತ್ತಿದ್ದ! ಕಡಲು ಉಬ್ಬಿ ಇಳಿಯುವ ಹಾಗೆ ಗಟ್ಟಿ ನೆಲವೂ ಚಂದ್ರ ಸೂರ್ಯರ ಸೆಳೆತಕ್ಕೆ ದಿನಕ್ಕೆರಡು ಸಲ ಉಬ್ಬಿ ಇಳಿಯುತ್ತದೆ. ನಮ್ಮ ಅಕ್ಷಾಂಶದಲ್ಲಿ ಈ ಏರಿಳಿತ ಸುಮಾರು ಒಂದು ಅಡಿಯ ಲೆಕ್ಕದ್ದು. ಇಬ್ಬರೂ ಒಂದೇ ಗೆರೆಯಲ್ಲಿ ಎಳೆಯುವ ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸು ಇನ್ನೂ ಜಾಸ್ತಿ. ಬೆಟ್ಟ, ಬಯಲು, ಶಾಫ್ಟು, ಸುರಂಗ, ಅದರೊಳಗೆ ಬೆವರು ಸುರಿಸುತ್ತಿದ್ದ ಮನುಷ್ಯ, ಎಲ್ಲವೂ ಒಟ್ಟಿಗೆ ಮೇಲೆದ್ದು ಒಟ್ಟಿಗೆ ಕೆಳಗಿಳಿಯುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವವರೆಗೆ ಪ್ರತಿ ಶಿಫ್ಟಿನವರೂ ಚಂದ್ರನ ತೂಗುಮಂಚದಲ್ಲೇ ದುಡಿದರು!

ಇದನ್ನೆಲ್ಲ ಪುಸ್ತಕದಲ್ಲಿ ಓದುವುದಕ್ಕಿಂತ ಕಣ್ಣಾರೆ ನೋಡುವುದು ಸುಲಭ, ಕಾಸೂ ಖರ್ಚಿಲ್ಲ. ಸಂಕಷ್ಟಿಯ ರಾತ್ರಿ ಉಪವಾಸವಿದ್ದು ಚಂದ್ರನಿಗೆ ಕಾಯುವವರಿಗೆ ಒಂದು ಪಾಠ ತಾನಾಗಿಯೇ ಆಗಿರುತ್ತದೆ: ಚಂದ್ರೋದಯ ದಿನಕ್ಕೆ ಸರಾಸರಿ 50 ನಿಮಿಷ ತಡವಾಗುತ್ತದೆ. ಹುಣ್ಣಿಮೆಯಂದು ಸೂರ್ಯ ಮುಳುಗುವ ಹೊತ್ತಿಗೇ ಹುಟ್ಟಿದವನು ಚೌತಿಯ ಹೊತ್ತಿಗೆ ರಾತ್ರಿ ಒಂಬತ್ತರ ಆಚೀಚೆ ಮುಖ ತೋರಿಸುತ್ತಾನೆ. ಹುಣ್ಣಿಮೆಯಂದೇ ನೋಡಬೇಕೆಂದರೆ ಬಂಗಾರಪೇಟೆಯಲ್ಲಿ ಬಿಳಿ ನೀರಿನ ಪಾನಿಪೂರಿ ತಿಂದು ಸಂಜೆ ಮಾರಿಕುಪ್ಪದ ರೈಲು ಹತ್ತಿ ಎಡಗಡೆ ಕಿಟಕಿ ಹಿಡಿಯಿರಿ. ಕೋರಮಂಡಲ್, ಊರ್ಗಾಂ, ಚಾಂಪಿಯನ್ ದಾಟುವಷ್ಟರಲ್ಲಿ ದಿಬ್ಬಗಳ ನಡುವಿನಿಂದ ಚಂದ್ರ ಎದ್ದುಬರುತ್ತಾನೆ. ಆಗ ತಿಂಗಳ ಹೆಸರು ನೆನಪಿಸಿಕೊಂಡು ಅವನ ಪಕ್ಕದ ನಕ್ಷತ್ರ ಹುಡುಕಿ. ಚೈತ್ರವಾದರೆ ಚಿತ್ತೆ ಒಂಟಿಯಾಗಿ ಹೊಳೆಯುತ್ತಿರುತ್ತದೆ. ಮಾಘವಾದರೆ ಮಖೆ. ಒಂದೆರಡು ಮನೆ ಆಚೀಚೆ ಇದ್ದರೆ ಗಾಬರಿ ಬೇಡ, ಅಧಿಕಮಾಸ ಹತ್ತಿರ ಬಂದಿದೆಯೋ ಈಗಷ್ಟೇ ಹೋಗಿದೆಯೋ ಎಂದು ಅದರಿಂದಲೇ ಹೇಳಬಹುದು!

ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಲು ಒಂದು ತಾರೀಖೂ ಇದೆ. 2026ರ ಮೇ–ಜೂನ್‌ನಲ್ಲಿ ಅಧಿಕ ಜ್ಯೇಷ್ಠ. ಅದರ ಬಲದಿಂದ ಜಾರಿದ್ದ ಚಾಂದ್ರಮಾನ ಮತ್ತೆ ಸಾಲಿಗೆ ಬಂದು, 2026ರ ನವೆಂಬರ್ 24ರ ಮಂಗಳವಾರ ನಮ್ಮ ಕಾರ್ತಿಕ ಹುಣ್ಣಿಮೆಯೂ ತಮಿಳರ ಕಾರ್ತಿಗೈ ದೀಪವೂ ಒಂದೇ ದಿನ ಕೂಡುತ್ತವೆ. ಚಂದ್ರ ಆ ಸಂಜೆ ಕೃತ್ತಿಕೆಯ ಗೊಂಚಲಿಗೆ ತೀರ ಹತ್ತಿರ. ಬೆಳದಿಂಗಳ ಹೊಳಪಿಗೆ ಬರಿಗಣ್ಣಿಗೆ ಗೊಂಚಲು ಮಂಕಾದೀತು, ಬೈನಾಕ್ಯುಲರ್ ಇದ್ದರೆ ಕೈಗೆತ್ತಿಕೊಳ್ಳಿ. ಹೆಸರು, ನಕ್ಷತ್ರ, ಹುಣ್ಣಿಮೆ ಮೂರೂ ಇಷ್ಟು ಕರಾರುವಾಕ್ಕಾಗಿ ಹೊಂದಿಕೊಳ್ಳುವ ರಾತ್ರಿ ಪ್ರತಿ ವರ್ಷ ಸಿಗುವುದಿಲ್ಲ. ಮೈಸೂರು ಮೈನ್ಸಿನ ಲೈನ್ ಮನೆಗಳಲ್ಲಿ ಆ ದಿನ ಎಣ್ಣೆ ಬತ್ತಿಗಳ ಖರ್ಚು ಜೋರು. ಅಂಗಡಿಯವರು ಈಗಲೇ ಲೆಕ್ಕ ಹಾಕಿಕೊಳ್ಳಲಿ!